ಸದ್ದಿನ ಮರೆಯಲ್ಲಿ

ಕ್ಲನ್ ಕಣಿವೆಯಲ್ಲಿ ಫೆಬ್ರವರಿಯ ಒಂದು ಶನಿವಾರ
ರೆಜ್ ಹಾಚ್ಕಿಸ್‌ನ ಕೆಂಪು ಮ್ಯಾಸಿ ಟ್ರ್ಯಾಕ್ಟರು,
ಡಿಲಿಸ್ ಬೆಡೋಸಳ ಸೌದೆ ಸೀಳುವ ಯಂತ್ರ
ವರ್ಷಕ್ಕೊಮ್ಮೆ ಜೊತೆಯಾಗುತ್ತವೆ.
ಅವರಿಬ್ಬರು ಆಗುವುದಿಲ್ಲ.

ಒಂಬತ್ತು ವರ್ಷದ ಹಿಂದೆ ಯಾರೋ ಗೇಟು ತೆರೆದಿಟ್ಟರು.
ಅವಳ ಹನ್ನೊಂದು ಗಬ್ಬದ ಕುರಿ ಡಾಂಬರಿಗಿಳಿದವು,
ಹಾಲಿನ ಲಾರಿ ಬಂತು.
ಗೇಟು ಇಬ್ಬರ ಹೊಲಕ್ಕೂ ಸೇರಿದ್ದು.
ಅಂದಿನಿಂದ ಮಾತು ನಿಂತಿದೆ.
ಸೌದೆ ಮಾತ್ರ ಬೇಕು, ಚಳಿಗೆ ಮುನಿಸು ತಿಳಿಯುವುದಿಲ್ಲ.
ಟ್ರ್ಯಾಕ್ಟರಿಲ್ಲದೆ ಅವಳ ಯಂತ್ರ ಬರೀ ಕಬ್ಬಿಣ,
ಯಂತ್ರವಿಲ್ಲದೆ ಅವನ ಭುಜ ಬರೀ ಎಪ್ಪತ್ತು.

ನಾನು ಮೂರನೆಯವ, ಒಟ್ಟುವವ.
ವಾರದ ದಿನ ಅಂಚೆ ವ್ಯಾನು, ಇವತ್ತು ಕೈಗವಸು.
ಕೂಲಿ: ಒಂದು ಟ್ರೇಲರ್ ಸೌದೆ.

ಮರ ಆ್ಯಶ್. ಇಂಗ್ಲಿಷಿನಲ್ಲಿ ಬೂದಿಗೂ ಅದೇ ಹೆಸರು,
ಒಲೆಯನ್ನು ಹಣೆಯಲ್ಲೇ ಬರೆಸಿಕೊಂಡು ಹುಟ್ಟಿದ್ದು.
ಈಗ ಬೂಷ್ಟಿನ ರೋಗ ನೆತ್ತಿಯಿಂದ ಒಣಗಿಸುತ್ತಾ ಇಳಿಯುತ್ತಿದೆ,
ರಸ್ತೆಗೆ ಬಾಗಿದ್ದನ್ನೆಲ್ಲ ಉರುಳಿಸಬೇಕು.
ಊರಿನ ಕೊಡಲಿಗಳಿಗೆಲ್ಲ ಕಾವು ಕೊಟ್ಟದ್ದೂ ಇದೇ ಮರ;
ಕುಲಕ್ಕೆ ಸಾವು ತಂದದ್ದು ಕಾವಲ್ಲ, ಗಾಳಿ.

ರೆಜ್‌ನ ಶಾಸ್ತ್ರ ಒಂದೇ: ಮುಟ್ಟಿದ್ದನ್ನೇ ಮುಟ್ಟಬೇಡ.
ಅವನಪ್ಪ ಒಂದೊಂದು ಕೊರಡನ್ನು
ಇಳಿಜಾರಿನಿಂದ ಹೊತ್ತು, ಗಾಡಿಗೇರಿಸಿ, ಅಂಗಳಕ್ಕೆ ಸುರಿದು,
ಮತ್ತೆ ಆರಿಸಿ, ಮತ್ತೆ ಎತ್ತಿ,
ಹನ್ನೆರಡು ಸಲ ಮುಟ್ಟುತ್ತಿದ್ದನಂತೆ. ಸೊಂಟ ಅಲ್ಲೇ ಹೋಯಿತು.
ಈಗ ವಿಂಚಿನ ಉಕ್ಕಿನ ಹಗ್ಗ ಇಡೀ ಕಾಂಡವನ್ನು
ಹಳ್ಳದಿಂದ ಎಳೆದು ತರುತ್ತದೆ,
ಹಠದ ಹೋರಿಯನ್ನು ತಂದಂತೆ, ಕೆಸರು ಚಿಮ್ಮಿಸುತ್ತ.
ಮುಂದಿನ ಫೋರ್ಕು ಅದನ್ನು ಸೊಂಟದೆತ್ತರಕ್ಕೆ ಹಿಡಿದು ನಿಲ್ಲುತ್ತದೆ,
ರೆಜ್ ಗರಗಸ ಹಾಯಿಸುತ್ತಾನೆ, ಮೊಳಕ್ಕೊಂದು ತುಂಡು.
ಅಳತೆಗೋಲಿಲ್ಲ.
ಡಿಲಿಸಳ ಒಲೆಯ ಬಾಯಿ ಅವನಿಗೆ ಬಾಯಿಪಾಠ.

ಮಧ್ಯಾಹ್ನ ವಿಂಚು ಕಳಚಿ ಯಂತ್ರ ತೊಡಿಸಿದರು.
ಅವನು ಕೊರಡಿಟ್ಟ, ಅವಳು ಹಿಡಿಕೆ ಎಳೆದಳು.
ಬೆಣೆ ಅವಸರವಿಲ್ಲದೆ ಬರುತ್ತದೆ,
ಕೊರಡು ಒಂದು ಗಳಿಗೆ ಯೋಚಿಸುತ್ತದೆ,
ಟಪ್ಪೆಂದು ಎರಡಾಗುತ್ತದೆ; ಒಳಗೆ
ಅರವತ್ತು ವರ್ಷ ಯಾರೂ ಕಾಣದ ಬಿಳುಪು.

ಎಂಜಿನ್ನಿನ ಅಬ್ಬರದಲ್ಲಿ ಮಾತಿಗೆ ಜಾಗವಿಲ್ಲ,
ಅದೇ ಅವರಿಗೆ ಅನುಕೂಲ.
ಅಂಗೈ ತೋರಿದರೆ ನಿಲ್ಲು, ಬೆರಳು ತಿರುಗಿಸಿದರೆ ಹೊರಳಿಸು,
ಗದ್ದ ಎತ್ತಿದರೆ ಸಾಕು.
ಗಂಡಹೆಂಡಿರೂ ಇಷ್ಟು ಹೊಂದಿ ದುಡಿದದ್ದನ್ನು ನಾ ಕಂಡಿಲ್ಲ.

ನನಗೂ ಅನುಕೂಲವೇ.
ಪ್ರತಿ ವರ್ಷ ಈ ಸದ್ದಿನ ಮರೆಯಲ್ಲಿ
ಒಟ್ಟಿದ ಸೌದೆಯ ಹಿಂದೆ ನಿಂತು ಗಟ್ಟಿಯಾಗಿ ಹೇಳಿಬಿಡುತ್ತೇನೆ.
ಒಮ್ಮೆ ಹೇಳಿದರೆ ಮುಂದಿನ ಚಳಿಯವರೆಗೆ ನಡೆಯುತ್ತದೆ.
ಈ ಸಲವೂ ಬಾಯಿ ತೆರೆದೆ:
"ಪಾರ್ಸೆಲ್ ಇತ್ತು, ಮಳೆ ಇತ್ತು,
ಅವತ್ತು ಆ ಗೇಟು ಹಾಕದೆ ಹೋದವನು"
ಮ್ಯಾಸಿ ಕೆಮ್ಮಿತು, ಎರಡು ಸಲ ಬಿಕ್ಕಿತು, ನಿಂತಿತು
"ನಾನು."

ಬೆಣೆ ಒಂದು ಗಂಟಿನ ನಡುವೆ ಸಿಕ್ಕಿಕೊಂಡಿತ್ತು.
ಬೇಲಿಯ ಮೇಲೆ ರಾಬಿನ್ ಹಕ್ಕಿ
ಎಷ್ಟು ಹೊತ್ತಿನಿಂದ ಹಾಡುತ್ತಿತ್ತೋ.
ರೆಜ್ ಡೀಸೆಲ್ ಫಿಲ್ಟರ್ ನೋಡಿದ. ಡಿಲಿಸ್ ರೆಜ್‌ನನ್ನು ನೋಡಿದಳು.
ಒಂಬತ್ತು ವರ್ಷದ ಮೇಲೆ ಮೊದಲ ಮಾತು:
"ಅರ್ಧ ಇಂಚಿನ ಸ್ಪ್ಯಾನರ್ ಇದೆಯಾ?"
"ಇದೆ."
ಅವಳು ಪಂಪು ಒತ್ತಿದಳು, ಅವನು ನಟ್ಟು ಸಡಿಲಿಸಿದ,
ಪೈಪಿನ ಗುಳ್ಳೆಗಳು ಮುಗಿಯುವತನಕ
ಎರಡು ತಲೆ ಒಂದೇ ಬಾನೆಟ್ಟಿನಡಿ.
ನನ್ನ ಕಡೆ ಯಾರೂ ತಿರುಗಲಿಲ್ಲ.
ಒಟ್ಟಿದ್ದನ್ನೇ ಇಳಿಸಿ ಒಟ್ಟುತ್ತಿದ್ದೆ,
ಮುಟ್ಟಿದ್ದನ್ನೇ ಮುಟ್ಟುತ್ತ.

ಸಂಜೆ ನನ್ನ ಪಾಲು ಬಾಗಿಲಿಗೆ ಬಂತು,
ಮಾತಿನಂತೆ ಒಂದು ಟ್ರೇಲರ್, ಮೇಲೆ ನಾಲ್ಕು ತುಂಡು ಹೆಚ್ಚೇ.
ಸುರಿದು ಹೊರಟ ರೆಜ್
ಗೇಟು ದಾಟಿ ನಿಲ್ಲಿಸಿದ, ಎಂಜಿನ್ ಆರಿಸಿದ, ಇಳಿದ.
ನನ್ನ ಗೇಟನ್ನು ಎಳೆದು ಚಿಲಕ ಹಾಕಿ
ಎರಡು ಸಲ ಅಲುಗಿಸಿ ನೋಡಿದ.